ನೀರು ‘ನೀರ್’ ಆಗುವ ಊರಲ್ಲಿ ಒಂದು ಪದವರ್ಣ

ಫೋನ್ ಬಂದಾಗ ನಾನು ಅಂಗಳದಲ್ಲಿ ಅಡಿಕೆ ಹರಡುತ್ತಿದ್ದೆ. ಮಾತಾಡಿದ್ದು ಕಾಞಂಗಾಡಿನ ಒಬ್ಬರು ಡ್ಯಾನ್ಸ್ ಟೀಚರ್. ಯಾವುದೋ ಬ್ರಹ್ಮಕಲಶದ ಸ್ಟೇಜಿನ ಹಿಂದೆ ಒಮ್ಮೆ ಕಂಡ ಪರಿಚಯ, ಅಷ್ಟೇ.

“ಟೀಚರೇ, ನನ್ನ ಒಬ್ಬಳು ಶಿಷ್ಯೆಯ ರಂಗಪ್ರವೇಶ ಉಂಟು. ಹುಡುಗಿಯ ಮನೆ ಕುಂಬಳೆ ಕಡೆ. ಅವರಿಗೆ ಅನಂತಪುರದ ದೇವರ ಮೇಲೆ ಕನ್ನಡದಲ್ಲೇ ಒಂದು ಪದವರ್ಣ ಬೇಕಂತೆ. ನೀವು ಮಾಡಿ ಕೊಡ್ತೀರಾ?”

ಆಯ್ತು ಅಂದುಬಿಟ್ಟೆ. ಪದವರ್ಣ ಅಂದರೆ ಭರತನಾಟ್ಯದಲ್ಲಿ ಕುಣಿತಕ್ಕೂ ಅಭಿನಯಕ್ಕೂ ಇರುವ ದೊಡ್ಡ ಹಾಡು, ಹೆಚ್ಚಾಗಿ ದೇವರಿಗಾಗಿ ಹಂಬಲಿಸುವ ನಾಯಕಿಯದ್ದು. ಫೋನ್ ಇಟ್ಟ ಮೇಲೆ ಹೆದರಿಕೆ ಶುರುವಾಯಿತು.

ನಾನು ಹಾಡು ಕಟ್ಟದವಳೇನಲ್ಲ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಮನೆಯಲ್ಲೇ ಸಂಗೀತ ಪಾಠ ಮಾಡುತ್ತಾ 20 ವರ್ಷ ದಾಟಿತು. ನಮ್ಮ ಕಡೆ ಯಾವ ದೇವಸ್ಥಾನಕ್ಕೆ ಬ್ರಹ್ಮಕಲಶ ಆದರೂ ಒಂದು ಭಕ್ತಿಗೀತೆಯ ಸಿ.ಡಿ. ಆಗಲೇಬೇಕು. ಈಗ ಸಿ.ಡಿ. ಹೋಗಿ ಪೆನ್‌ಡ್ರೈವ್ ಬಂದಿದೆ, ಹಾಡು ಮಾತ್ರ ಬೇಕೇ ಬೇಕು. ಸಮಿತಿಯವರು ಸಾಹಿತ್ಯ ತಂದು ಕೊಡುತ್ತಾರೆ, ನಾನು ರಾಗ ಹಾಕುತ್ತೇನೆ. ಶಾಲೆಯ ಸ್ವಾಗತ ಗೀತೆ, ಭಜನಾ ಮಂಡಳಿಯ ದಾಸರ ಪದ, ಎಲ್ಲ ಮಾಡಿದ್ದೇನೆ. ಸಂಭಾವನೆ ಅಂದರೆ ಒಂದು ಶಾಲು, ಒಂದು ಸ್ಮರಣಿಕೆ, ಫಲತಾಂಬೂಲ. ಶಾಲುಗಳು ಎಷ್ಟು ಒಟ್ಟಾಗಿವೆ ಅಂದರೆ ಮಳೆಗಾಲದಲ್ಲಿ ಹಾರ್ಮೋನಿಯಮ್ಮಿಗೆ ಹೊದೆಸುತ್ತೇನೆ.

ದಾಸರ ಪದಕ್ಕೆ ರಾಗ ಹಾಕುವುದು ಒಂದು ಲೆಕ್ಕದಲ್ಲಿ ಸುಲಭ. ಪುರಂದರದಾಸರ ಮಾತು ಉಳಿಯಿತು, ಅವರು ಹಾಡಿದ ಧಾಟಿ ಹೆಚ್ಚಿನದೂ ಉಳಿಯಲಿಲ್ಲ. ಇವತ್ತು ನಾವು ಕೇಳುವ ದೇವರನಾಮಗಳ ರಾಗ ಬಹುಮಟ್ಟಿಗೆ ಆಮೇಲಿನವರು ಹಾಕಿದ್ದು. ಹಾಗಾಗಿ ನಾನೊಂದು ಹಾಕಿದರೆ ಯಾರೂ ಜಗಳಕ್ಕೆ ಬರುವುದಿಲ್ಲ. ಆದರೆ ಪದವರ್ಣ ಬೇರೆ. ಮಾತು, ರಾಗ, ತಾಳದ ಲೆಕ್ಕ ಎಲ್ಲವೂ ಒಬ್ಬರದ್ದೇ ತಲೆನೋವು. ಸಂಗೀತ ಪರೀಕ್ಷೆಗೆ ನಾನು ಕಲಿತ ಸೀನಿಯರ್‌ನಲ್ಲಾಗಲಿ ಅರ್ಧಕ್ಕೆ ಬಿಟ್ಟ ವಿದ್ವತ್ತಿನಲ್ಲಾಗಲಿ ಇದನ್ನು ಕಟ್ಟುವುದು ಹೇಗೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಆಲಾಪನೆ ಮಾಡು, ಕಲ್ಪನಾಸ್ವರ ಹಾಕು ಅಂದಿದ್ದರು. ನೀನೇ ಒಂದು ಕಟ್ಟು ಅಂದವರಿಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಇವತ್ತು ಕರ್ನಾಟಕ ಸಂಗೀತದಲ್ಲಿ ಹೊಸದಾಗಿ ರಚನೆ ಮಾಡುವವರಿಗೆ ಕೆಲಸ ಕೊಡುವವರು ಹಾಡುವವರಲ್ಲ, ಕುಣಿಯುವವರು. ಕಚೇರಿಯಲ್ಲಿ ತ್ಯಾಗರಾಜರು, ದೀಕ್ಷಿತರು, ಶ್ಯಾಮಾಶಾಸ್ತ್ರಿಗಳು ಇದ್ದರೆ ಜನ ಕೂರುತ್ತಾರೆ. ‘ಇದು ನನ್ನದೇ ರಚನೆ’ ಅಂದರೆ ನಾಲ್ಕು ಜನ ಕಾಫಿಗೆ ಏಳುತ್ತಾರೆ. ಜಯಚಾಮರಾಜ ಒಡೆಯರು ಮಹಾರಾಜರಾಗಿದ್ದುಕೊಂಡು 94 ಕೃತಿ ಮಾಡಿದರು. ಅದರಲ್ಲಿ ಕಚೇರಿಗಳಲ್ಲಿ ಓಡಾಡುವುದು ಕೆಲವೇ ಕೆಲವು. ಮಹಾರಾಜರ ಗತಿಯೇ ಹೀಗಾದರೆ ಬದಿಯಡ್ಕದ ನನ್ನನ್ನು ಕೇಳುವವರು ಯಾರು? ಡ್ಯಾನ್ಸಿನವರಿಗೆ ಹಾಗಲ್ಲ. ಅವರಿಗೆ ಹೊಸ ಕತೆ ಬೇಕು, ತಮ್ಮೂರಿನ ದೇವರು ಬೇಕು. ಮೊದಲಿಂದಲೂ ಹೀಗೇ ಇರಬೇಕು. ಈಗಿನ ಭರತನಾಟ್ಯದ ಮಾರ್ಗಕ್ಕೆ, ಅಂದರೆ ಕಾರ್ಯಕ್ರಮದ ಅನುಕ್ರಮಕ್ಕೆ, ಒಂದು ರೂಪ ಕೊಟ್ಟ ತಂಜಾವೂರಿನ ನಾಲ್ವರು ಅಣ್ಣತಮ್ಮಂದಿರಲ್ಲಿ ಚಿನ್ನಯ್ಯ ಮೈಸೂರಿನ ಅರಮನೆ ಸೇರಿದರು, ವಡಿವೇಲು ತಿರುವಿತಾಂಕೂರಿನಲ್ಲಿ ಸ್ವಾತಿ ತಿರುನಾಳರ ಹತ್ತಿರ ಹೋದರು. ಎರಡರ ನಡುವೆ ಸಿಕ್ಕಿಕೊಂಡ ನಮ್ಮ ಊರಿಗೆ ಅವರಲ್ಲಿ ಯಾರೂ ಬಂದ ಸುದ್ದಿ ಇಲ್ಲ ಬಿಡಿ.

ಸರಿ, ಕತೆ. ಅನಂತಪುರ ನೋಡಿದವರಿಗೆ ಗೊತ್ತು. ಮುರಕಲ್ಲಿನ ಬಯಲು, ಅದರ ನಡುವೆ ತಗ್ಗಿನಲ್ಲಿ ಒಂದು ಕೆರೆ, ಕೆರೆಯ ಮಧ್ಯೆ ಗರ್ಭಗುಡಿ. ತಿರುವನಂತಪುರದ ಪದ್ಮನಾಭನಿಗೆ ಇದೇ ಮೂಲಸ್ಥಾನ ಅಂತ ನಂಬಿಕೆ. ಬಿಲ್ವಮಂಗಲ ಮುನಿ ಇಲ್ಲಿ ತಪಸ್ಸಿಗೆ ಕೂತಿದ್ದಾಗ ಒಬ್ಬ ಹುಡುಗ ಬಂದನಂತೆ. ಯಾರ ಮಗ ನೀನು ಅಂದರೆ ನನಗೆ ಯಾರೂ ಇಲ್ಲ ಅಂದ. ಮುನಿ ಇಟ್ಟುಕೊಂಡರು. ಅವಮಾನ ಮಾಡಿದರೆ ಆ ಕ್ಷಣ ಹೋಗುತ್ತೇನೆ ಅಂತ ಹುಡುಗನ ಷರತ್ತು. ಒಂದು ದಿನ ಪೂಜೆಯ ಹೊತ್ತಿಗೆ ತುಂಟಾಟ ಜಾಸ್ತಿಯಾಗಿ ಮುನಿ ಎಡಗೈಯಿಂದ ನೂಕಿದರು. ಹುಡುಗ ಮಾಯ. ಮುನಿ ಬೆನ್ನು ಹತ್ತಿ ಹೋದ ಗುಹೆಯನ್ನು ಈಗಲೂ ತೋರಿಸುತ್ತಾರೆ.

ನೂಕಿದ ಕೈ, ಮಾಯವಾದ ಹುಡುಗ. ಕುಣಿಯುವವಳಿಗೆ ಇದಕ್ಕಿಂತ ಜಾಸ್ತಿ ಏನು ಬೇಕು? ಹುಡುಗಿಯ ಅಪ್ಪ ಮಾತ್ರ, “ಬಬಿಯಾಗೂ ಒಂದು ಸಾಲು ಹಾಕಿ ಅಕ್ಕ” ಅಂದರು. 2022ರ ಅಕ್ಟೋಬರಿನಲ್ಲಿ ತೀರಿಹೋದ ಕೆರೆಯ ಮೊಸಳೆ. ನೈವೇದ್ಯದ ಅನ್ನ ತಿನ್ನುತ್ತಿದ್ದ ಬಬಿಯಾನ ಮೇಲೆ ನನಗೂ ಪ್ರೀತಿ ಇದೆ. ಆದರೆ ವಿರಹದ ನಡುವೆ ಮೊಸಳೆ ಬಂದರೆ ಹುಡುಗಿ ಯಾವ ಮುಖ ಮಾಡಬೇಕು? ನೋಡುವ ಅಂದೆ. ನೋಡಲಿಲ್ಲ.

ಮೊದಲು ಮಾತು ಬರೆದೆ. ನನ್ನ ಅಪ್ಪ ತಾಳಮದ್ದಳೆಯಲ್ಲಿ ಹವ್ಯಾಸಕ್ಕೆ ಭಾಗವತಿಕೆ ಮಾಡುತ್ತಿದ್ದವರು. “ಮಟ್ಟು ಸಿಕ್ಕಿದರೆ ಪದ ತಾನಾಗಿ ಬರ್ತದೆ” ಅನ್ನುತ್ತಿದ್ದರು. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವರು ನಾವು, ಹಾಗೆ ಅನ್ನಲು ನಮಗೆ ಹಕ್ಕುಂಟು ಅಂತ ಅವರ ಲೆಕ್ಕ. ಎರಡನೇ ಅಕ್ಷರದ ಪ್ರಾಸವಂತೂ ಕನ್ನಡದವರಿಗೆ ಹೊಸತಲ್ಲ. ಕೆರೆ ಇದೆ, ಕರೆ ಇದೆ, ಮರೆ ಇದೆ. ಪಲ್ಲವಿ ಹೀಗೆ ಬಂತು:

ಕೆರೆಯೊಳಗೆ ನಿಂತಿಹನು
ಕರೆದರೂ ಬಾರನು

ಚೆನ್ನಾಗಿದೆ ಅಂತಲೇ ಅನ್ನಿಸಿತು. ರಾಗ ರೀತಿಗೌಳ. ಕಾರಣ ಕೇಳಿದರೆ, ಆ ರಾಗ ನೇರ ನಡೆಯುವುದಿಲ್ಲ. ‘ಸ ಗ ರಿ ಗ ಮ’ ಅಂತ ಒಂದು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ. ‘ಮ ನಿ ನಿ ಸ’ ಅಂತ ನಿಷಾದದ ಮೇಲೆ ನಿಂತು ಯೋಚಿಸಿ ಮೇಲೆ ಹೋಗುತ್ತದೆ. ಕಾಣೆಯಾದವನನ್ನು ಹುಡುಕುವವರು ಹಾಗೇ ಅಲ್ವಾ ನಡೆಯುವುದು?

ಮೂರು ದಿನದಲ್ಲಿ ಪಲ್ಲವಿಗೆ ಧಾಟಿ ಕೂತಿತು. ನನಗೇ ಖುಷಿ. ಎಂಟನೇ ಕ್ಲಾಸಿನ ಒಬ್ಬಳು ಶಿಷ್ಯೆ ಪಾಠಕ್ಕೆ ಬಂದಾಗ ಸುಮ್ನೆ ಹಾಡಿ ತೋರಿಸಿದೆ. ಹುಡುಗಿ ತಲೆ ಆಡಿಸುತ್ತಾ ಕೇಳಿ, “ಟೀಚರ್, ಇದು ‘ಜನನಿ’ ಅಲ್ವಾ?” ಅಂದಳು.

ಸುಬ್ಬರಾಯ ಶಾಸ್ತ್ರಿಗಳ ‘ಜನನಿ ನಿನ್ನುವಿನಾ’. ಅವಳಿಗೆ ಅದನ್ನು ಹಿಂದಿನ ವರ್ಷ ಪಾಠ ಮಾಡಿದವಳೂ ನಾನೇ. ಅದು ಮಿಶ್ರಛಾಪು, ನನ್ನದು ಆದಿತಾಳ. ತಾಳದ ಬಟ್ಟೆ ಬಿಚ್ಚಿದರೆ ಒಳಗೆ ಅದೇ ಮೈ. ಕದ್ದಿರಲಿಲ್ಲ, ಆದರೂ ಕದ್ದವಳ ಹಾಗೆ ಮುಖ ಬಿಸಿಯಾಯಿತು. ಹಳೆಯ ರಾಗದ ಕಷ್ಟ ಇದೇ. ದೊಡ್ಡವರು ನಡೆದು ನಡೆದು ದಾರಿ ಸವೆದಿರುತ್ತದೆ, ನಾವು ಕಾಲಿಟ್ಟಲ್ಲೆಲ್ಲ ಅವರದೇ ಹೆಜ್ಜೆ. ದಾರಿ ತಪ್ಪಿಸೋಣ ಎಂದರೆ ರಾಗ ಕೆಡುತ್ತದೆ.

ಒಂದು ವಾರ ಏನೂ ಆಗಲಿಲ್ಲ. ಆಮೇಲೆ ಒಂದು ಸಂಜೆ ಅನಂತಪುರಕ್ಕೇ ಹೋದೆ. ಕೆರೆಯ ದಂಡೆಯಲ್ಲಿ ಯಾರೋ ಅಜ್ಜಿ ಮೊಮ್ಮಗನನ್ನು ಕೂಗುತ್ತಿದ್ದರು, ಅವನು ಕೆಳಗೆ ಮೆಟ್ಟಿಲ ಹತ್ತಿರ ಇದ್ದ. ಮೇಲಿಂದ ಕೆಳಗೆ ಕೂಗು. ಅದೇ ಬೇಕಿತ್ತು ನನಗೆ. ಅಲ್ಲಿವರೆಗೆ ಪಲ್ಲವಿಯನ್ನು ಕೆಳಗಿನಿಂದ ಮೇಲೆ ಹತ್ತಿಸುತ್ತಿದ್ದೆ. ಮೇಲಿನ ಷಡ್ಜದಲ್ಲಿ ಕೂಗಿ ಇಳಿಯುತ್ತಾ ಬಂದರೆ? ತಾಳದಲ್ಲಿ ಅರ್ಧ ಅಕ್ಷರ ಬಿಟ್ಟು ಎಡುಪು (ಹಾಡು ಎತ್ತುವ ಜಾಗ) ಇಟ್ಟೆ, ‘ಸ ನಿ ದ ಮ’ ಇಳಿಸಿದೆ. ಶಾಸ್ತ್ರಿಗಳು ಬಿಟ್ಟು ಹೋದರು. ಮರುದಿನ ಅದೇ ಹುಡುಗಿಯ ಮುಂದೆ ಹಾಡಿದೆ. ಏನೂ ಹೇಳಲಿಲ್ಲ. ಅವಳ ಅಷ್ಟು ಹೊತ್ತಿನ ಮೌನ ಅದೇ ಮೊದಲು.

ಪದವರ್ಣ ಅಂದರೆ ಸ್ವರಗಳಿಗೂ ಸಾಹಿತ್ಯ ಇರಬೇಕು. ಕಚೇರಿಯಲ್ಲಿ ಹಾಡುವ ತಾನವರ್ಣದಲ್ಲಿ ಅನುಪಲ್ಲವಿ ಆದ ಮೇಲಿನ ಮುಕ್ತಾಯಿ ಸ್ವರ, ಚರಣದ ಎತ್ತುಗಡೆ ಸ್ವರ ಬರೇ ಸ್ವರ ಹಾಡಿ ಮುಗಿಸಬಹುದು. ಇಲ್ಲಿ ಆಮೇಲೆ ಮಾತು ಹಾಡಬೇಕು, ಅದಕ್ಕೆ ಅಭಿನಯ ಬರಬೇಕು. ನನ್ನ ಮುಕ್ತಾಯಿ ನಾಲ್ಕು ಆವರ್ತ. ಎಂಟು ಅಕ್ಷರದ ಆದಿತಾಳ, ಅಕ್ಷರಕ್ಕೆ ನಾಲ್ಕು ಮಾತ್ರೆ, ಒಟ್ಟು 128 ಮಾತ್ರೆ. ಷಟ್ಪದಿಗೆ ಪ್ರಸ್ತಾರ ಹಾಕಿದ ಹಾಗೆ ಲಘು ಗುರು ಲೆಕ್ಕ ಹಾಕುತ್ತಾ ಕೂತೆ. ದೀರ್ಘ ಅಕ್ಷರದ ಕೆಳಗೆ ಒಂದೇ ಮಾತ್ರೆಯ ಸ್ವರ ಬಂದರೆ ಮಾತು ಮುಗ್ಗರಿಸುತ್ತದೆ. ಹ್ರಸ್ವವನ್ನು ಎಳೆದರೆ ಅರ್ಥವೇ ಬದಲಾಗುತ್ತದೆ. ಕೆರೆ ಹೋಗಿ ಕೇರೆ ಆದರೆ ಕೆರೆಯಲ್ಲಿ ಹಾವು ಬಂತು!

ಈ ಲೆಕ್ಕದ ನಡುವೆ ಒಂದು ಕಡೆ ಮಾತ್ರ ರಾಗವೇ ಕೈ ಹಿಡಿಯಿತು. ಇಳಿಯುವಾಗ ‘ಪ ಮ ಗ ರಿ ಸ ನಿ’ ಬರುತ್ತಿತ್ತು. ಅಲ್ಲಿ ‘ಮ ಗ’ ಇದೆಯಲ್ಲ, ಮಗ! ಕೆಳಗಿನ ‘ನಿ’ ಇದೆ, ನೀ! ‘ಯಾರ ಮಗನೋ ನೀ’ ಅಂತ ಹಾಕಿದೆ. ಮಧ್ಯಮದಲ್ಲಿ ಮ, ಗಾಂಧಾರದಲ್ಲಿ ಗ, ನಿಷಾದದಲ್ಲಿ ನೀ. ಸ್ವರಾಕ್ಷರ ಅಂತ ಪುಸ್ತಕದಲ್ಲಿ ಓದಿದ್ದೆ, ನನ್ನ ಪಾಲಿಗೆ ಬಂದದ್ದು ಅವತ್ತು. ಮುನಿ ಆ ಹುಡುಗನಿಗೆ ಕೇಳಿದ ಪ್ರಶ್ನೆಯೂ ಅದೇ ತಾನೆ. ರಾತ್ರಿ ಹನ್ನೊಂದಕ್ಕೆ ಗಂಡನನ್ನು ಎಬ್ಬಿಸಿ ಹಾಡಿ ತೋರಿಸಿದೆ. “ಒಳ್ಳೇದುಂಟು, ಮಲಗು” ಅಂದರು.

ಎರಡೂವರೆ ತಿಂಗಳಲ್ಲಿ ಎಲ್ಲ ಮುಗಿಸಿ ಟೀಚರಿಗೆ ಕಳಿಸಿದೆ. ಹಾಡುವವರು ಪಯ್ಯನ್ನೂರು ಕಡೆಯ ಒಬ್ಬ ಯುವಕ. ಡ್ಯಾನ್ಸಿಗೆ ಹಾಡುವುದೇ ಅವರ ಕೆಲಸ, ಕಂಠ ಅಂದರೆ ಕಂಠ. ಮಾತೃಭಾಷೆ ಮಲಯಾಳ, ನಮ್ಮ ಜಿಲ್ಲೆಯಲ್ಲಿ ಓಡಾಡಿ ಕನ್ನಡ ತಕ್ಕಮಟ್ಟಿಗೆ ಬರುತ್ತದೆ. ಸಾಹಿತ್ಯವನ್ನು ಮಲಯಾಳ ಲಿಪಿಯಲ್ಲಿ ಬರೆದುಕೊಂಡು ಮೊದಲ ರಿಹರ್ಸಲಿಗೆ ಬಂದರು. ಶ್ರುತಿ ಹಿಡಿದು ಶುರು ಮಾಡಿದರು: ‘ಕೆರೆಯೊಳಗೆ ನಿಂತಿಹನ್… ಕರೆದರೂ ಬಾರನ್…’

ನಾನು ನಿಲ್ಲಿಸಿದೆ. “ನಿಂತಿಹನು. ನು.”

“ಅದೇ ಅಲ್ವಾ ಟೀಚರೇ ಹೇಳಿದ್ದು? ನಿಂತಿಹನ್.”

ಮಲಯಾಳದಲ್ಲಿ ಮಾತಿನ ಕೊನೆಯ ‘ಉ’ ಅರ್ಧ ಬಾಯಲ್ಲೇ ನಿಲ್ಲುತ್ತದೆ. ನಮ್ಮ ನೀರು ಅವರಿಗೆ ‘ನೀರ್’, ನಮ್ಮ ಹಾಲು ‘ಪಾಲ್’. ಅವರ ಕಿವಿಗೆ ಎರಡೂ ಒಂದೇ ಕೇಳುತ್ತದೆ. ಹತ್ತು ಸಲ ಹೇಳಿದೆ, ಹತ್ತು ಸಲವೂ ನಕ್ಕು ಒಪ್ಪಿದರು, ಹಾಡುವಾಗ ಮತ್ತೆ ‘ನ್’. ನನಗೆ ಸಿಟ್ಟು ಬಂದದ್ದು ಬೇರೆ ಕಾರಣಕ್ಕೆ. ಇದೇ ಮನುಷ್ಯ ತ್ಯಾಗರಾಜರ ಕೃತಿ ಹಾಡುವಾಗ ತೆಲುಗಿನ ಒಂದೊಂದು ‘ಮು’, ‘ಡು’ ಸ್ಪಷ್ಟವಾಗಿ ಬಿಡಿಸಿ ಹಾಡುತ್ತಾರೆ. ತೆಲುಗಿನಲ್ಲೂ ಉಕಾರಕ್ಕೆ ಬರ ಇಲ್ಲ. ಆಮೇಲೆ ಹೊಳೆಯಿತು. ತೆಲುಗು ಅವರಿಗೆ ಗೊತ್ತೇ ಇಲ್ಲ, ಹಾಗಾಗಿ ಗುರುಗಳು ಬಾಯಿಪಾಠ ಮಾಡಿಸಿದ ಹಾಗೆ ಹಾಡುತ್ತಾರೆ. ಕನ್ನಡ ಅರ್ಧ ಗೊತ್ತು. ಆ ಅರ್ಧವೇ ತೊಂದರೆ.

ಅವರನ್ನು ತಿದ್ದುವ ಬದಲು ನಾನು ಮನೆಗೆ ಬಂದು ನನ್ನ ಸಾಲನ್ನು ನಾನೇ ಹಾಡಿ ನೋಡಿದೆ. ‘ಬಾರನು’ ಅಂತ ಷಡ್ಜದಲ್ಲಿ ನಾಲ್ಕು ಮಾತ್ರೆ ನಿಂತೆ. ಬಾಯಿ ಮುಚ್ಚಿಕೊಂಡು ಬಂತು. ‘ಉ’ ಅಂದರೆ ತುಟಿ ಮುಂದೆ ಬಂದು ಸ್ವರ ಒಳಗೇ ಸಿಕ್ಕಿಕೊಳ್ಳುತ್ತದೆ. ಕರೆಯುವವರು ಯಾರಾದರೂ ತುಟಿ ಮುಚ್ಚಿ ಕರೆಯುತ್ತಾರಾ? ತಪ್ಪು ಆ ಗಾಯಕರದ್ದು ಮಾತ್ರ ಆಗಿರಲಿಲ್ಲ. ಬರೆಯುವಾಗ ನಾನು ಕಣ್ಣಿನಲ್ಲಿ ಬರೆದಿದ್ದೆ. ಅಪ್ಪ ಇದ್ದಿದ್ದರೆ ಮೊದಲ ದಿನವೇ ಬೈಯುತ್ತಿದ್ದರು.

ಪೆನ್ಸಿಲ್ ತೆಗೆದುಕೊಂಡು ಎಲ್ಲಾ ‘ನು’ಗಳನ್ನು ಹುಡುಕಿ ಹುಡುಕಿ ಹೊಡೆದೆ:

ಕರೆದರೂ ಬಾರೆಯೇಕೋ
ಕೆರೆಯೊಳಿಹ ಅನಂತಾ

ಅನುಪಲ್ಲವಿಯ ‘ಕೈ ತಾಕಲು’ ಹೋಯಿತು, ‘ಮರೆಯಾದೆ ಬಿಲದೊಳಗೆ, ಮುನಿಯೊಳು ಮುನಿದೆಯಾ’ ಬಂತು. ಓ, ಆ, ಯಾ. ಬಾಯಿ ತೆರೆಯಿತು. ಇನ್ನೊಂದು ಸಂಗತಿ ನಾನು ಗಮನಿಸಿರಲಿಲ್ಲ, ಡ್ಯಾನ್ಸ್ ಟೀಚರ್ ಹೇಳಿದರು. “ಮೊದಲು ಅವನು ಬರುವುದಿಲ್ಲ ಅಂತ ಬೇರೆಯವರ ಹತ್ತಿರ ದೂರು ಹೇಳ್ತಿದ್ದಳು. ಈಗ ಅವನ ಹತ್ತಿರವೇ ಕೇಳ್ತಾಳೆ. ಕಣ್ಣಿಗೆ ಕೆಲಸ ಸಿಕ್ಕಿತು ಟೀಚರೇ.” ಒಂದು ಉಕಾರ ತಪ್ಪಿಸಲು ಹೋಗಿ ನಾಯಕಿ ಕೆರೆಯ ದಂಡೆಗೇ ಬಂದು ನಿಂತಿದ್ದಳು.

ಒಂದು ಕಡೆ ಮಾತ್ರ ಬಿಡಲು ಮನಸ್ಸಾಗಲಿಲ್ಲ. ಚರಣದ ಸಾಲು: ‘ಕಣ್ಣ ನೀರು ಕೆರೆಯ ನೀರು ಬೇರೆಯೇನೋ’. ‘ನೀರೋ’ ಮಾಡಬಹುದಿತ್ತು. ಆದರೆ ‘ಕಣ್ಣ ನೀರೋ ಕೆರೆಯ ನೀರೋ’ ಅಂದರೆ ಸಿನೆಮಾ ಹಾಡಿನ ಹಾಗಾಗುತ್ತದೆ. ಹಾಗೇ ಇಟ್ಟೆ. “ಇಲ್ಲಿ ಮಾತ್ರ ನೀರು, ನೀರ್ ಅಲ್ಲ” ಅಂತ ಗಾಯಕರಿಗೆ ಫೋನಿನಲ್ಲೂ ಹೇಳಿದೆ, ವಾಯ್ಸ್ ಮೆಸೇಜಿನಲ್ಲೂ ಹೇಳಿದೆ.

ರೆಕಾರ್ಡಿಂಗ್ ಮಂಗಳೂರಿನಲ್ಲಿ ಅರ್ಧ ದಿನದಲ್ಲಿ ಮುಗಿಯಿತು, ಅದರಲ್ಲಿ ಹೇಳುವಂಥದ್ದೇನಿಲ್ಲ. ದುಡ್ಡು 15,000 ಕೊಟ್ಟರು. ಎರಡೂವರೆ ತಿಂಗಳಿಗೆ ಭಾಗಿಸಿದರೆ ಅಡಿಕೆ ಸುಲಿಯುವವರ ಕೂಲಿಗೆ ಎಲ್ಲಿಯೂ ಸಾಟಿಯಲ್ಲ. ಆದರೂ ನನ್ನ ಪಾಲಿಗೆ ಅದು ರಾಗ ಹಾಕಿದ್ದಕ್ಕೆ ಬಂದ ದೊಡ್ಡ ಮೊತ್ತವೇ. ಶಾಲೂ ಕೊಟ್ಟರು.

ಈ ಸಲ ಕಾಪಿರೈಟ್‌ಗೂ ಅರ್ಜಿ ಹಾಕಿದೆ. ಅದಕ್ಕೊಂದು ಹಿನ್ನೆಲೆ ಇದೆ. ಕೆಲವು ವರ್ಷಗಳ ಹಿಂದೆ ನಾನು ಧಾಟಿ ಹಾಕಿದ ಒಂದು ಹಾಡನ್ನು ಯಾರೋ ಹಾಡಿ ವಿಡಿಯೊ ಹಾಕಿದ್ದರು, ಕೆಳಗೆ ‘ಸಂಗೀತ: ಸಾಂಪ್ರದಾಯಿಕ’ ಅಂತ ಬರೆದಿದ್ದರು. ಬದುಕಿರುವಾಗಲೇ ಸಂಪ್ರದಾಯ ಆಗಿಬಿಟ್ಟೆ! ನಗು ಬಂತು, ಒಳಗೆ ಚುಚ್ಚಿತು ಕೂಡ. ಹಿಂದಿನವರು ಇದಕ್ಕೇ ಅಂಕಿತ ಇಟ್ಟುಕೊಂಡಿದ್ದರೋ ಏನೋ. ಮೈಸೂರು ವಾಸುದೇವಾಚಾರ್ಯರು ವಾಸುದೇವ ಅಂತ, ಮುತ್ತಯ್ಯ ಭಾಗವತರು ಹರಿಕೇಶ ಅಂತ. ನನಗೆ ಅಂಕಿತ ಇಡಲು ನಾಚಿಕೆ.

ಹೊಸಬರಿಗೆ ಉಪಯೋಗ ಆದೀತು ಅಂತ ಹೇಳುತ್ತೇನೆ. ನೋಂದಣಿ ಕಡ್ಡಾಯ ಅಲ್ಲ. ರಚನೆ ಮಾಡಿದ ಗಳಿಗೆಯಿಂದಲೇ ಹಕ್ಕು ನಿಮ್ಮದು, ಜೀವಮಾನವಿಡೀ ಮತ್ತು ಆಮೇಲೆ 60 ವರ್ಷ. ಮೊದಲು ಸ್ವರ ಬರೆದಿಟ್ಟರೆ ಮಾತ್ರ ಸಂಗೀತ ರಚನೆ ಅನ್ನುವ ಹಾಗಿತ್ತು. 1994ರ ತಿದ್ದುಪಡಿ ಆದ ಮೇಲೆ ಬರೆಯದಿದ್ದರೂ ಕಟ್ಟಿದವರು ಕಟ್ಟಿದವರೇ. ಆದರೆ ನಾಳೆ ತಕರಾರು ಬಂದರೆ ತೋರಿಸಲು ಒಂದು ಕಾಗದ ಇದ್ದರೆ ಒಳ್ಳೆಯದು. ಸಂಗೀತಕ್ಕೆ ಬೇರೆ ಅರ್ಜಿ, ಸಾಹಿತ್ಯಕ್ಕೆ ಬೇರೆ, ತಲಾ 500 ರೂಪಾಯಿ. ಸಾಹಿತ್ಯದ್ದು ಬೇರೆ ಹಾಕಬೇಕು ಅಂತ ನನಗೆ ಗೊತ್ತಿಲ್ಲದೆ ಎರಡು ಸಲ ಕೂತು ತುಂಬಿಸಬೇಕಾಯಿತು. ಡೈರಿ ನಂಬರ್ ಸಿಗುತ್ತದೆ, ಆಕ್ಷೇಪಣೆಗೆ ಅಂತ 30 ದಿನ ಕಾಯಬೇಕು. ಸುಬ್ಬರಾಯ ಶಾಸ್ತ್ರಿಗಳ ಕಡೆಯವರು ಯಾರೂ ಬರಲಿಲ್ಲ.

ರಂಗಪ್ರವೇಶ ಡಿಸೆಂಬರಿನಲ್ಲಿ ಆಯಿತು. ನಾನು ಮೂರನೇ ಸಾಲಿನಲ್ಲಿ ಕೂತಿದ್ದೆ. ವರ್ಣ ಶುರುವಾದ ಮೇಲೆ ಕೈ ತಣ್ಣಗಾಯಿತು. ಗಾಯಕರು ‘ಅನಂತಾ’ ಎಂದು ಮೇಲಿನ ಷಡ್ಜದಲ್ಲಿ ನಿಂತಾಗ ಹಾಲ್ ಸುಮ್ಮನಾಯಿತು. ‘ಯಾರ ಮಗನೋ ನೀ’ಯನ್ನು ನಾನು ಒಂದೇ ಸಲ ಬರೆದಿದ್ದು, ಅವರು ಮೂರು ಸಲ ಹಾಡಿದರು. ಹುಡುಗಿ ಮೂರು ಸಲ ಬೇರೆ ಬೇರೆ ಮುಖದಲ್ಲಿ ಕೇಳಿದಳು. ಮೊದಲು ಮುನಿಯ ಗದರಿಕೆ, ಆಮೇಲೆ ಕನಿಕರ, ಮೂರನೆಯದು ಕೈ ನೂಕಿದ ಮೇಲಿನದ್ದು. ನನ್ನ ಪುಸ್ತಕದಲ್ಲಿ ಅದಿರಲಿಲ್ಲ. ಆಮೇಲೆ ಮನೆಗೆ ಬಂದು ಬರೆದುಕೊಂಡೆ.

ಚರಣ ಬಂತು. ‘ಕಣ್ಣ ನೀರ್… ಕೆರೆಯ ನೀರ್… ಬೇರೆಯೇನೋ.’

ಅಷ್ಟು ಹೇಳಿಯೂ! ನಾನು ತುಟಿ ಕಚ್ಚಿದೆ. ಆದರೆ ಹುಡುಗಿಯ ಹಿಮ್ಮಡಿ ಸರಿಯಾಗಿ ಆ ‘ರ್’ ಮೇಲೆ ಬೀಳುತ್ತಿತ್ತು. ಎರಡು ಸಲ, ಎರಡು ಏಟು. ರಿಹರ್ಸಲಿನಲ್ಲಿ ಅವರು ಅದನ್ನೇ ಅಭ್ಯಾಸ ಮಾಡಿಕೊಂಡಿದ್ದರು ಅಂತ ಕಾಣುತ್ತದೆ. ನನ್ನ ‘ರು’ ಹಾಡಿದ್ದರೆ ಆ ಏಟು ಮೆತ್ತಗಾಗುತ್ತಿತ್ತು.

ಊಟದ ಹೊತ್ತಿಗೆ ನಮ್ಮೂರ ಶಾಲೆಯಲ್ಲಿ ಕನ್ನಡ ಪಾಠ ಮಾಡಿ ನಿವೃತ್ತರಾದ ಮಾಷ್ಟ್ರು ಸಿಕ್ಕಿದರು. ನಾನು ಮೊದಲೇ ಕ್ಷಮೆ ಕೇಳುವವಳ ಹಾಗೆ, “ಆ ನೀರ್ ಒಂದು ಕೆಡಿಸಿಬಿಟ್ರು ಮಾಷ್ಟ್ರೆ” ಅಂದೆ.

ಮಾಷ್ಟ್ರು ಪಾಯಸ ಸುರಿದುಕೊಳ್ಳುತ್ತಾ, “ಎಂತ ಕೆಡಿಸಿದ್ದು? ಪಂಪನ ಕಾಲದಲ್ಲಿ ಕನ್ನಡದವರು ನೀರ್ ಅಂತಲೇ ಹೇಳಿದ್ದು. ಕಣ್, ಕಾಲ್, ನೀರ್. ಈ ‘ಉ’ ಆಮೇಲೆ ಅಂಟಿಕೊಂಡದ್ದು ಮಾರಾಯ್ತಿ. ಅವನು ಹಾಡಿದ್ದು ಹಳಗನ್ನಡ” ಅಂದರು.

ಗಾಯಕರು ಪಕ್ಕದ ಪಂಕ್ತಿಯಲ್ಲೇ ಇದ್ದರು. ಅವರಿಗೆ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ, ನಾನಂತೂ ಹೇಳಲು ಹೋಗಲಿಲ್ಲ. ಹೇಳಿದರೆ ಇನ್ನು ‘ಅನಂತ್’ ಅಂದುಬಿಟ್ಟಾರು.

ಮೊನ್ನೆ ಮತ್ತೆ ಡ್ಯಾನ್ಸ್ ಟೀಚರ್ ಫೋನ್ ಮಾಡಿದ್ದರು. ಇನ್ನೊಬ್ಬಳು ಹುಡುಗಿಗೆ ಶಾಲಾ ಕಲೋತ್ಸವಕ್ಕೆ ಅದೇ ವರ್ಣ ಬೇಕಂತೆ, ಹತ್ತು ನಿಮಿಷದೊಳಗೆ ಮುಗಿಯಬೇಕಂತೆ. ಇರುವುದು 35 ನಿಮಿಷ. ಎರಡು ಎತ್ತುಗಡೆ ತೆಗೆಯುತ್ತೇನೆ ಅಂದೆ, ಜತಿ ಕಡಿಮೆ ಮಾಡಿ ಅಂದೆ. ಸಾಲದು ಅಂದರು. ಈಗ ನೋಟ್‌ಬುಕ್ ಮುಂದೆ ಇಟ್ಟುಕೊಂಡು ಕೂತಿದ್ದೇನೆ. ಅನುಪಲ್ಲವಿ ಹೋದರೂ ಹೋಗಲಿ. ‘ಯಾರ ಮಗನೋ ನೀ’ ಮತ್ತು ಆ ಎರಡು ನೀರ್ ಇರಲೇಬೇಕು.